ಕಂಚಣ್ಣನ ಕೈಗುಣ, ಡ್ರೈವರಮ್ಮನ ಗೂಟ

ಬಸ್ ನಿಲ್ದಾಣದ ಕಾವಲುಗಾರನ ಮುಂದಿದ್ದ ದೊಡ್ಡ ಪುಸ್ತಕದಲ್ಲಿ, ಕಚೇರಿಯ ಒಳಗೆ ಹೋಗುವವರು ತಮ್ಮ ಉದ್ಯೋಗ ಬರೆಯಬೇಕಾದ ಒಂದು ಕಲಂ ಇತ್ತು. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಬಂದಿದ್ದ ಐವತ್ತೆರಡು ವರ್ಷದ ಹೆಂಗಸು ಆ ಕಲಮಿನಲ್ಲಿ ‘ಡ್ರೈವರ್ ಬರೆಯುವುದು’ ಎಂದು ಬರೆದು ಪೆನ್ನು ಕೆಳಗಿಟ್ಟರು. ಕಾವಲುಗಾರ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ.

“ಯಾವ ರೂಟು ಅಮ್ಮಾ?”

“ರೂಟಲ್ಲಪ್ಪ. ಕಂಪ್ಯೂಟರಿಗೆ ಡ್ರೈವರ್ ಬರೀತೀನಿ.”

“ಬರೆಯೋದಾ? ನಮ್ಮಲ್ಲಿ ಓಡಿಸ್ತಾರೆ.”

“ನಮ್ದೂ ಓಡುತ್ತೆ. ಒಂದೊಂದ್ಸಲ ನಿಂತೂ ಹೋಗುತ್ತೆ.”

“ಹಂಗಾದ್ರೆ ಎರಡೂ ಒಂದೇ ಬಿಡಿ,” ಎಂದು ಅವನು ಬಾಗಿಲು ಬಿಟ್ಟ.

ಸಂಜೆಯಾಗುವಷ್ಟರಲ್ಲಿ ವಿಶ್ರಾಂತಿ ಕೋಣೆಯ ಬಸ್ ಚಾಲಕರಿಗೆಲ್ಲ ಈ ಮಾತು ತಲುಪಿತ್ತು. ಅಂದಿನಿಂದ ಆಕೆಗೆ ಡ್ರೈವರಮ್ಮ ಎಂಬ ಹೆಸರು ಅಂಟಿಕೊಂಡಿತು. ಇಪ್ಪತ್ತೈದು ವರ್ಷ ಅದೇ ಕೆಲಸ ಮಾಡಿದರೂ ತಮ್ಮ ಕಚೇರಿಯಲ್ಲಿ ಯಾರೂ ಕೊಡದಿದ್ದ ಬಿರುದನ್ನು ನಿಲ್ದಾಣದವರು ಒಂದೇ ದಿನದಲ್ಲಿ ಕೊಟ್ಟರು.

ಅವರು ಅಲ್ಲಿಗೆ ಬಂದದ್ದು ಗಂಡನ ಕುರ್ಚಿ ಉಳಿಸಲು. ಗಂಡನಿಗೆ ಆ ನಿಲ್ದಾಣದಲ್ಲಿ ಕಂಚಣ್ಣ ಎಂದು ಹೆಸರು. ಮೂವತ್ತು ವರ್ಷ ಅವರು ಎಂಟು ಪ್ಲಾಟ್‌ಫಾರಂಗಳೂ ಕಾಣುವ ಗಾಜಿನ ಗೂಡಿನಲ್ಲಿ ಕುಳಿತು ಹೊರಡುವ ಬಸ್ಸುಗಳನ್ನು ಮೈಕಿನಲ್ಲಿ ಕೂಗಿದವರು. ಕಂಚಿನ ಕಂಠ ಎಂದು ಮೊದಮೊದಲು ಹೊಗಳುತ್ತಿದ್ದ ಜನ ಬರಬರುತ್ತಾ ಕಂಠವನ್ನು ಬಿಟ್ಟು ಕಂಚನ್ನಷ್ಟೇ ಉಳಿಸಿಕೊಂಡರು. ಅವರ ಮದುವೆಗೆ ಕಾರಣವಾದದ್ದೂ ಆ ಕಂಠವೇ. ಆಗ ಡ್ರೈವರಮ್ಮ ಓದುತ್ತಿದ್ದ ಹುಡುಗಿ. ಬೆಳಗಿನ ಎಂಟೂ ಹತ್ತರ ಬಸ್ಸಿಗೆ ದಿನವೂ ಏದುಸಿರು ಬಿಡುತ್ತಾ ಓಡಿಬರುವವರು. ಹೊರಡುವ ಬಸ್ಸಿಗೆ ಕೊನೆಯ ಕೂಗು ಒಂದೇ ಎಂಬುದು ನಿಯಮ. ಆ ಬಸ್ಸಿಗೆ ಮಾತ್ರ ಎರಡು ಕೂಗು ಬೀಳುತ್ತಿತ್ತು. ಒಂದು ದಿನ ಬೇಗ ಬಂದ ಹುಡುಗಿ, ಬಸ್ಸಿನಲ್ಲಿ ಕುಳಿತೇ ಎರಡು ಕೂಗನ್ನೂ ಕೇಳಿಸಿಕೊಂಡು, ಸಂಜೆ ಹಿಂದಿರುಗುವಾಗ ಗಾಜಿನ ಗೂಡಿನ ಬಳಿ ನಿಂತು ಕಾರಣ ಕೇಳಿದಳು. “ಒಂದು ಬಸ್ಸಿಗೆ, ಇನ್ನೊಂದು ನಿಮಗೆ” ಎಂಬ ಉತ್ತರ ಬಂತು. ಮೈಕ್ ಆರಿಸುವುದನ್ನು ಕೂಗುವವರು ಮರೆತಿದ್ದರು. ಎಂಟೂ ಪ್ಲಾಟ್‌ಫಾರಂಗಳಿಗೆ ಕೇಳಿಸಿದ ಮೇಲೆ ಮದುವೆಯಾಗದೆ ಬೇರೆ ದಾರಿ ಇರಲಿಲ್ಲವೆಂದು ಡ್ರೈವರಮ್ಮ ಈಗಲೂ ಹೇಳುತ್ತಾರೆ.

ಅಂಥ ಗಂಟಲಿನಲ್ಲಿ ಹಿಂದಿನ ವರ್ಷ ಮೆಣಸಿನ ಕಾಳಿನಷ್ಟು ಒಂದು ಗಂಟು ಕಾಣಿಸಿಕೊಂಡಿತು. ವೈದ್ಯರು ಗಂಟು ತೆಗೆದರು. ಒಂದು ವರ್ಷ ಪಿಸುಮಾತು ಬಿಟ್ಟು ಬೇರೆ ಮಾತಿಲ್ಲ, ಮೀರಿದರೆ ಧ್ವನಿ ಮರಳುವ ಭರವಸೆ ಕೊಡಲಾರೆ ಎಂದರು. ಮನೆಯಲ್ಲಿ ಇದರಿಂದ ಹೊಸ ಫಜೀತಿ ಹುಟ್ಟಿತು. ಕಂಚಣ್ಣನ ತಾಯಿಗೆ ಎಂಬತ್ತು ದಾಟಿ ಕಿವಿ ಮಂದವಾಗಿತ್ತು.

“ತೊಟ್ಟಿಲಲ್ಲಿದ್ದಾಗಿಂದ ಊರು ಏಳೋ ಹಾಗೆ ಕಿರುಚಿದೆ,” ಎಂದು ಆಕೆ ಮಗನ ಮೇಲೆ ದೂರು ಹೇಳುತ್ತಿದ್ದರು. “ಈಗ ನನ್ನ ಕಿವಿ ಹೋದ ಮೇಲೆ ಪಿಸುಗುಡೋಕೆ ಶುರು ಮಾಡಿದೀಯಲ್ಲೋ. ಅಷ್ಟು ವರ್ಷ ಇದನ್ನ ಎಲ್ಲಿಟ್ಟಿದ್ದೆ?”

ಕೊನೆಗೆ ಒಂದು ಸ್ಲೇಟು ತಂದಿಟ್ಟರು. ಮಗ ಬರೆಯುವುದು, ತಾಯಿ ಕನ್ನಡಕ ಹುಡುಕಿ ಓದುವುದು, ಓದಿ ಜಗಳ ಮುಂದುವರಿಸುವುದು ರೂಢಿಯಾಯಿತು.

ಅದೇ ಸಮಯಕ್ಕೆ ನಿಲ್ದಾಣದಲ್ಲಿ ಮೈಕಿನ ಬದಲು ದೊಡ್ಡ ಪರದೆಗಳನ್ನು ಹಾಕಿದ್ದು ಕಂಚಣ್ಣನ ಅದೃಷ್ಟ. ಎಂಟೂ ಪ್ಲಾಟ್‌ಫಾರಂಗಳಲ್ಲಿ ಒಂದೇ ಪಟ್ಟಿ ಕಾಣುವುದು: ಬಸ್ಸು, ಸಮಯ, ಪ್ಲಾಟ್‌ಫಾರಂ ಸಂಖ್ಯೆ. ಗಾಜಿನ ಗೂಡಿನ ಹಳೆಯ ಕಂಪ್ಯೂಟರಿನಿಂದಲೇ ಅವು ನಡೆಯುತ್ತಿದ್ದವು. ಬಸ್ಸು ತಡವಾದರೆ, ಜಾಗ ಬದಲಾದರೆ, ಕಂಚಣ್ಣ ಮೌಸ್ ಒತ್ತಿ ಹೊಸ ಪಟ್ಟಿ ಹಾಕಬೇಕು. ಗಂಟಲಿಗೆ ಕೆಲಸವಿಲ್ಲ, ಕುರ್ಚಿ ಅದೇ, ಗಾಜು ಅದೇ. ಆ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್ ಹನ್ನೊಂದು ವರ್ಷದ ಹಿಂದೆ ಡ್ರೈವರಮ್ಮನ ಕಂಪನಿಯಲ್ಲೇ ತಯಾರಾದದ್ದು, ಅದರ ಡ್ರೈವರ್ ಬರೆದದ್ದು ಅವರೇ. ಹೆಂಡತಿ ಬರೆದದ್ದನ್ನು ಗಂಡ ಓಡಿಸುತ್ತಿದ್ದಾನೆಂದು ಮನೆಯಲ್ಲಿ ಇಬ್ಬರೂ ನಗುತ್ತಿದ್ದರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಹೊಸ ಪಟ್ಟಿ ಹಾಕಲು ಹೋದಾಗ ಆಗೊಮ್ಮೆ ಈಗೊಮ್ಮೆ ಎಂಟು ಪರದೆಗಳೂ ಒಟ್ಟಿಗೆ ಕಪ್ಪಾಗತೊಡಗಿದವು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಲು ಆರು ನಿಮಿಷ ಬೇಕು. ಅಷ್ಟರಲ್ಲಿ ಪ್ರಯಾಣಿಕರು ಗಾಜಿನ ಗೂಡನ್ನು ಮುತ್ತುತ್ತಿದ್ದರು. ಒಂದು ದಿನ, ಕೂಸನ್ನು ಎತ್ತಿಕೊಂಡ ಒಬ್ಬ ತಾಯಿ ತಪ್ಪು ಬಸ್ಸು ಹತ್ತುವುದನ್ನು ಕಂಡು ಕಂಚಣ್ಣ ತಮ್ಮನ್ನೇ ಮರೆತು ಬಾಗಿಲು ತೆರೆದು “ಆರನೇ ಪ್ಲಾಟ್‌ಫಾರಂ” ಎಂದು ಕೂಗಿಬಿಟ್ಟರು. ಆ ತಾಯಿ ಸರಿಯಾದ ಬಸ್ಸಿಗೆ ಹೋದಳು. ಕಂಚಣ್ಣನಿಗೆ ಎರಡು ದಿನ ಪಿಸುಮಾತೂ ಹೊರಡಲಿಲ್ಲ.

ವಿಚಿತ್ರವೆಂದರೆ, ಕಂಚಣ್ಣ ಊಟಕ್ಕೆ ಎದ್ದಾಗ ಅವರ ಕುರ್ಚಿಯಲ್ಲಿ ಕೂರುತ್ತಿದ್ದ ವಿಚಾರಣೆ ಕಿಟಕಿಯ ಅಕ್ಕನಿಗೆ ಪರದೆ ಒಂದು ಸಲವೂ ಕೈಕೊಡಲಿಲ್ಲ. ಇದನ್ನು ಮೊದಲು ಗಮನಿಸಿದವರು ನಿಲ್ದಾಣದ ಅಧಿಕಾರಿ. ಅವರು ಕೆಟ್ಟ ಮನುಷ್ಯರೇನಲ್ಲ. ತಲೆನೋವು ಬೇಡವೆನ್ನುವವರು, ಅಷ್ಟೆ.

“ಆಕೆ ಮುಟ್ಟಿದ್ರೆ ಬೆಳಕು, ನೀವು ಮುಟ್ಟಿದ್ರೆ ಕತ್ತಲೆ,” ಎಂದರು ಅವರು. “ಕೈಗುಣ ಅಂತಾರಲ್ಲ, ಇದೇ ಇರ್ಬೇಕು ಕಂಚಣ್ಣ.”

ಬರುವ ಶುಕ್ರವಾರ ಮುಖ್ಯ ಕಚೇರಿಯವರು ಪರದೆ ನೋಡಲು ಬರುವರೆಂದೂ, ಅವರ ಮುಂದೆ ಕಪ್ಪಾದರೆ ಪರದೆಗಳನ್ನು ಇಳಿಸಿ ಮೈಕನ್ನೇ ಮರಳಿ ತರುವುದೆಂದೂ ಅಧಿಕಾರಿ ತಿಳಿಸಿದರು. ಮೈಕಿಗೆ ಧ್ವನಿ ಇರುವವರು ಬೇಕು. ಕಂಚಣ್ಣನನ್ನು ನೆಲಮಾಳಿಗೆಯ ಕೋಣೆಗೆ ಕಳಿಸುವುದು ಎಂದೂ ತೀರ್ಮಾನವಾಗಿತ್ತು. ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಕೋಣೆ ಅದು. ಕಿಟಕಿಯಿಲ್ಲ, ಒಂಟಿ ಕೈಚೀಲಗಳೂ ಲೆಕ್ಕವಿಲ್ಲದಷ್ಟು ಕೊಡೆಗಳೂ ಇವೆ.

ಆ ಸಂಜೆ ಕಂಚಣ್ಣ ಸ್ಲೇಟಿನ ಮೇಲೆ ಹೆಂಡತಿಗೆ ಬರೆದು ತೋರಿಸಿದರು: ‘ಕೊಡೆಗಳಿಗೆ ಪ್ಲಾಟ್‌ಫಾರಂ ನಂಬರ್ ಬೇಕಾಗಿಲ್ಲ.’ ಬರೆದದ್ದು ತಮಾಷೆಯಾಗಿದ್ದರೂ ಅಕ್ಷರ ಎಂದಿನಷ್ಟು ದುಂಡಗಿರಲಿಲ್ಲ. ಡ್ರೈವರಮ್ಮ ಅದನ್ನು ಒರೆಸದೆ ಹಾಗೆಯೇ ಗೋಡೆಗೆ ಒರಗಿಸಿಟ್ಟರು.

ಅವರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಪರದೆಯು ತನ್ನ ಚಿತ್ರವನ್ನು ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯಿಂದ ಮಾತ್ರ ಓದಿಕೊಳ್ಳುತ್ತದೆ, ಅದೂ ಸೆಕೆಂಡಿಗೆ ಅರವತ್ತು ಸಲ, ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ. ಆ ಮೆಮೊರಿ ಸಣ್ಣದು. ಯಾವ ಚಿತ್ರ ಅದರೊಳಗೆ ಬರಬೇಕು, ಯಾವುದು ಹೊರಗೆ ಕಾಯಬೇಕು, ಬಂದದ್ದು ಎಲ್ಲಿ ಕೂರಬೇಕು ಎಂದು ನೋಡಿಕೊಳ್ಳುವುದು ಡ್ರೈವರಿನ ಹೊಣೆ. ಪರದೆ ಓದುತ್ತಿರುವಾಗ ಚಿತ್ರವನ್ನು ಕದಲಿಸಿದರೆ ಬರೀ ಕಸ ಕಾಣುತ್ತದೆ. ಆದ್ದರಿಂದ ಅಷ್ಟು ಹೊತ್ತು ಅದನ್ನು ಇದ್ದಲ್ಲಿಯೇ ಬಿಗಿದಿಡುತ್ತಾರೆ. ಇದಕ್ಕೆ ಪುಸ್ತಕದಲ್ಲಿರುವ ಮಾತು ಪಿನ್ ಮಾಡುವುದು. ಡ್ರೈವರಮ್ಮನ ಕಚೇರಿಯಲ್ಲಿ ಬಳಸುವ ಮಾತು ಗೂಟ ಹೊಡೆಯುವುದು. ಚಿತ್ರದ ಕೆಲಸ ಮುಗಿದಾಗ ಗೂಟ ಕೀಳಬೇಕು. “ಗೂಟ ಕಿತ್ರಾ?” “ಕಿತ್ತೆ, ಅದು ಆಗಲೇ ಆಚೆ ಹೋಯ್ತು” ಎಂಬ ಮಾತುಗಳನ್ನು ಬಾಗಿಲಲ್ಲಿ ನಿಂತು ಕೇಳಿದವರು ಇವರು ದನ ಸಾಕಿದ್ದಾರೆಂದೇ ತಿಳಿಯಬೇಕು.

ಕಿತ್ತ ಗೂಟಗಳಿಗಿಂತ ಹೊಡೆದ ಗೂಟಗಳು ಹೆಚ್ಚಾಗಿ ಜಾಗ ತುಂಬಿಹೋಗಿರಬೇಕು ಎಂಬುದು ಡ್ರೈವರಮ್ಮನ ಮೊದಲ ಊಹೆ. ಎರಡು ದಿನ ಗೂಟಗಳನ್ನೆಣಿಸಿದರು. ಹೊಡೆದದ್ದು, ಕಿತ್ತದ್ದು, ಒಂದಕ್ಕೊಂದು ಸರಿಹೊಂದಿತು. ಕಚೇರಿಯಲ್ಲಿ ಎಲ್ಲರ ಕೆಲಸವನ್ನೂ ಪರೀಕ್ಷಿಸುವ, ಅದರಿಂದಲೇ ಅನುಮಾನಪ್ಪ ಎನಿಸಿಕೊಂಡಿದ್ದ ಸಹೋದ್ಯೋಗಿ, ಅಂಥದೇ ಕಾರ್ಡನ್ನು ಅಂಥದೇ ಪರದೆಗೆ ಜೋಡಿಸಿ, ಕೈ ಹಚ್ಚದೆ ಒಂದು ಪ್ರೋಗ್ರಾಂನಿಂದಲೇ ಸಾವಿರ ಸಲ ಪಟ್ಟಿ ಬದಲಾಯಿಸಿದ. ಪರದೆ ಮಿಣುಕಲೂ ಇಲ್ಲ.

“ನಮ್ಮಲ್ಲಿ ಮುತ್ತಿನಂಥಾ ಕೆಲಸ ಮಾಡ್ತಿದೆ ಮೇಡಂ,” ಎಂದ ಅನುಮಾನಪ್ಪ. “ನಾನು ಯಾರ ಮೇಲೂ ಇಷ್ಟು ಬೇಗ ಅನುಮಾನ ಬಿಟ್ಟವನಲ್ಲ. ಈಗ ನಿಮ್ಮ ಯಜಮಾನರ ಮೇಲೆ ಮಾತ್ರ ಉಳ್ಕೊಂಡಿದೆ.”

“ಅವರ ಕೈ ಮೇಲೆ,” ಎಂದು ತಿದ್ದಿದರು ಡ್ರೈವರಮ್ಮ. ಹಾಗೆ ಹೇಳಿದವರೇ ತಮ್ಮ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕಾರ್ಡೂ ಅದೇ, ಪರದೆಯೂ ಅದೇ ಆದರೆ ಬೇರೆಯಾಗಿರುವುದು ಕೈ ಒಂದೇ ತಾನೆ? ಹಾಗಾದರೆ ನೋಡಬೇಕಾದದ್ದೂ ಕೈಯನ್ನೇ.

ಮಂಗಳವಾರ ಅವರು ನಿಲ್ದಾಣಕ್ಕೆ ಬಂದದ್ದು ಹೀಗೆ. ಗಾಜಿನ ಗೂಡಿನಲ್ಲಿ ಗಂಡನ ಹಿಂದೆ ಒಂದು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕುಳಿತರು. ಪರದೆಯ ಕಡೆ ಅವರ ಕಣ್ಣಿರಲಿಲ್ಲ.

“ಏನು ನೋಡ್ತಿದೀಯ?” ಎಂದು ಕಂಚಣ್ಣ ಪಿಸುಗುಟ್ಟಿದರು.

“ನಿಮ್ಮ ಕೈ ನೋಡ್ತಿದೀನಿ. ಸುಮ್ನೆ ಕೆಲಸ ಮಾಡಿ.”

“ಮದುವೆಗೆ ಮುಂಚೆ ನೋಡ್ಬೇಕಿತ್ತು.”

“ಆಗ ಗಂಟಲು ಮಾತ್ರ ಕೇಳಿ ಮೋಸ ಹೋದೆ.”

ಮಧ್ಯಾಹ್ನದೊಳಗೆ ಕಂಚಣ್ಣ ಹದಿನಾಲ್ಕು ಸಲ ಪಟ್ಟಿ ಬದಲಿಸಿದರು. ಐದು ಸಲ ಪರದೆ ಕಪ್ಪಾಯಿತು. ಊಟದ ಹೊತ್ತಿನಲ್ಲಿ ಕಿಟಕಿಯ ಅಕ್ಕ ಬಂದು ಆರು ಸಲ ಬದಲಿಸಿದರು. ಒಂದು ಸಲವೂ ಆಗಲಿಲ್ಲ. ಡ್ರೈವರಮ್ಮ ಎರಡು ಕೈಗಳನ್ನೂ ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದುಕೊಂಡಿದ್ದರು. ಕಿಟಕಿಯ ಅಕ್ಕ ಹಿಂದೆ ಬೆರಳಚ್ಚುಗಾರ್ತಿಯಾಗಿದ್ದವರು. ಮೌಸ್ ಮುಟ್ಟುತ್ತಲೇ ಇರಲಿಲ್ಲ. ಕೀಲಿಗಳ ಮೇಲೆ ಟಕಟಕ ಎರಡು ಬೆರಳು ಆಡಿಸಿದರೆ ಅವರ ಪಟ್ಟಿ ಬಂದಾಯಿತು. ಕಂಚಣ್ಣ ಮೌಸನ್ನು ಸಾಬೂನು ಹಿಡಿದಂತೆ ಹಿಡಿದು, ಬಾಣವನ್ನು ಸಾವಕಾಶವಾಗಿ ಗುರಿಗೆ ಒಯ್ದು, ಒತ್ತಿ, ಕೈ ತೆಗೆಯದೆ ಕಾಯುತ್ತಿದ್ದರು. ಕಾಯುವಾಗ ಬಾಣ ಮಾಯವಾಗಿ ಅದರ ಜಾಗದಲ್ಲಿ ಪುಟ್ಟ ಮರಳು ಗಡಿಯಾರ ಬರುತ್ತಿತ್ತು.

“ಅಕ್ಕಾ, ನೀವು ಮಾಡುವಾಗ ಈ ಮರಳು ಗಡಿಯಾರ ಬರಲ್ವಾ?”

“ಅದನ್ನ ನೋಡ್ತಾ ಕೂರೋಕೆ ನನಗೆಲ್ಲಿ ಪುರುಸೊತ್ತು?” ಎಂದರು ಕಿಟಕಿಯ ಅಕ್ಕ. “ಕೀಲಿ ಒತ್ತಿದ್ರೆ ಬಾಣವೂ ಇಲ್ಲ, ಗಡಿಯಾರವೂ ಇಲ್ಲ. ಅಣ್ಣನಿಗೆ ಅದನ್ನ ನೋಡೋದಂದ್ರೆ ಇಷ್ಟ.”

“ಮರಳು ಬೀಳೋದು ಚೆನ್ನಾಗಿದೆ,” ಎಂದು ಕಂಚಣ್ಣ ಪಿಸುಗುಟ್ಟಿದರು.

ಡ್ರೈವರಮ್ಮ ನೋಟ್‌ಬುಕ್ಕಿನಲ್ಲಿ ಒಂದು ಉದ್ದನೆಯ ಪಟ್ಟೆ ಎಳೆದು ಲೆಕ್ಕಕ್ಕೆ ಕುಳಿತರು. ಆ ಪಟ್ಟೆಯೇ ಕಾರ್ಡಿನ ಮೆಮೊರಿ, ಒಟ್ಟು ಎಂಟು ಮೆಗಾಬೈಟ್. ಹಳೆಯ ಸಣ್ಣ ಪರದೆಗೆ ಅದು ಸಾಕಾಗಿ ಮಿಗುತ್ತಿತ್ತು. ಹೊಸ ಪರದೆಯ ಒಂದು ಪಟ್ಟಿಯ ಚಿತ್ರ ಸುಮಾರು ನಾಲ್ಕು ಮೆಗಾಬೈಟ್ ಕೇಳುತ್ತದೆ. ಒಂದು ಪರದೆಯ ಮೇಲಿರುವಾಗ ಇನ್ನೊಂದು ಪಕ್ಕದಲ್ಲಿ ಸಿದ್ಧವಾಗಬೇಕು. ಎರಡನ್ನೂ ಇಟ್ಟ ಮೇಲೆ ಉಳಿಯುವುದು ಎಂಬತ್ತೆಂಟು ಕಿಲೋಬೈಟಿನ ಒಂದು ಚೂರು, ಪಟ್ಟೆಯ ಮೇಲಿನ ತುತ್ತತುದಿಯಲ್ಲಿ. ಬಾಣಕ್ಕೆ ಹದಿನಾರು, ಮರಳು ಗಡಿಯಾರಕ್ಕೆ ಹದಿನಾರು. ಲೆಕ್ಕಕ್ಕೆ ಎಲ್ಲರಿಗೂ ಜಾಗವಿದೆ. ಆದರೆ ಕಂಚಣ್ಣ ಮೌಸ್ ಒತ್ತಿದೊಡನೆ ಆಗುತ್ತಿದ್ದುದೇನು? ಪರದೆಯ ಮೇಲಿರುವುದಕ್ಕಿಂತ ಹಿಂದಿನ ಪಟ್ಟಿ ಎದ್ದುಹೋಗಿ ಅರ್ಧ ಪಟ್ಟೆ ಖಾಲಿಯಾಗುತ್ತಿತ್ತು. ಹೊಸ ಪಟ್ಟಿ ಬರುವವರೆಗೆ ‘ಕಾಯಿರಿ’ ಎಂದು ಹೇಳಲು ಮರಳು ಗಡಿಯಾರ ಬರುತ್ತಿತ್ತು. ಬಂದದ್ದು ಎದುರಿಗೆ ಮೊದಲು ಕಂಡ ಖಾಲಿ ಜಾಗದಲ್ಲಿ, ಅಂದರೆ ಆಗಷ್ಟೇ ತೆರವಾದ ಅರ್ಧದ ಕೆಳತುದಿಯಲ್ಲೇ, ಗೂಟ ಹೊಡೆದುಕೊಂಡು ಕೂರುತ್ತಿತ್ತು. ಹಿಂದೆ ಬಂದ ಹೊಸ ಪಟ್ಟಿಗೆ ಹದಿನಾರು ಕಿಲೋಬೈಟ್ ಕಡಿಮೆ. ಮೇಲಿನ ಅರ್ಧ ತೆರವಾಗಿದ್ದರೆ ಪಕ್ಕದ ಚೂರು ನೆರವಿಗೆ ಬಂದು ಹೇಗೋ ಹಿಡಿಸುತ್ತಿತ್ತು. ಕೆಳಗಿನ ಅರ್ಧವಾದರೆ ಆ ನೆರವಿಲ್ಲ, ಜಾಗವಿಲ್ಲವೆಂದು ಪಟ್ಟಿಯ ಪ್ರೋಗ್ರಾಂ ಪರದೆಯನ್ನೇ ಆರಿಸಿಬಿಡುತ್ತಿತ್ತು. ಯಾರ ಬರವನ್ನು ಕಾಯಲು ಹೇಳುತ್ತಿತ್ತೋ ಅವರ ಜಾಗದಲ್ಲೇ ಆ ಗಡಿಯಾರ ಕುಳಿತಿತ್ತು.

ಇದನ್ನು ಆಕೆ ವಿಶ್ರಾಂತಿ ಕೋಣೆಯಲ್ಲಿ ಚಹಾ ಕುಡಿಯುತ್ತಾ ವಿವರಿಸಿದಾಗ ಹಿರಿಯ ಕಂಡಕ್ಟರ್ ಒಬ್ಬರಿಗೆ ಯಾವ ಸಂಶಯವೂ ಉಳಿಯಲಿಲ್ಲ.

“ಅಯ್ಯೋ, ಇದು ನಮ್ಮ ಬಸ್ಸಿನದೇ ಕಥೆ ಡ್ರೈವರಮ್ಮ,” ಎಂದರು ಅವರು. “ಮೂರು ಜನ ಕೂರೋ ಸೀಟಿನ ನಡುಮಧ್ಯೆ ಕರ್ಚೀಫ್ ಹಾಕಿ ಇಳಿದು ಹೋಗಿರ್ತಾರೆ. ಕರ್ಚೀಫ್ ಇರೋದು ಅಂಗೈಯಷ್ಟು. ಆದ್ರೆ ದಪ್ಪಗಿರೋರು ಬಂದ್ರೆ ಎಲ್ಲಿ ಕೂರ್ಬೇಕು?”

“ಕರ್ಚೀಫ್ ಯಾರು ಹಾಕಿದ್ದು ಅನ್ನೋದು ಗೊತ್ತಾಗ್ಬೇಕಲ್ಲ,” ಎಂದ ಇನ್ನೊಬ್ಬ ಚಾಲಕ.

ಅದು ಡ್ರೈವರಮ್ಮನಿಗೆ ಆಗಲೇ ಗೊತ್ತಾಗಿತ್ತು. ಬುಧವಾರ ಕಚೇರಿಯಲ್ಲಿ ಹಳೆಯ ಕಡತ ತೆರೆದಾಗ ಆ ಸಾಲು ಸಿಕ್ಕಿತು. ಹನ್ನೊಂದು ವರ್ಷದ ಹಿಂದೆ ಅವರೇ ಬರೆದದ್ದು. ಪಕ್ಕದಲ್ಲಿ ಅವರದೇ ಟಿಪ್ಪಣಿ: ‘ಸಣ್ಣ ಚಿತ್ರ, ಎಲ್ಲಿ ಜಾಗ ಸಿಕ್ಕರೂ ಸರಿ.’

ಟಿಪ್ಪಣಿಯನ್ನು ನೋಡುತ್ತಾ ಅವರಿಗೆ ತಂದೆಯ ನೆನಪಾಯಿತು. ತಂದೆ ದರ್ಜಿ. ಅಂಗಡಿಯ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಬೆನ್ನು ಮುಂಭಾಗಗಳ ಗುರುತನ್ನು ಈ ತುದಿಯಿಂದ ಹಾಕುತ್ತಾ ಹೋಗುವರು; ಕಾಲರು, ಜೇಬು, ಪಟ್ಟಿಗಳನ್ನು ಆ ತುದಿಯಿಂದ. ಎಂಟು ವರ್ಷದ ಮಗಳು ಒಮ್ಮೆ ಸಹಾಯ ಮಾಡುವ ಹುರುಪಿನಲ್ಲಿ ಹೊಸ ಬಟ್ಟೆಯ ನಟ್ಟನಡುವಿನಿಂದ ಒಂದು ಜೇಬು ಕತ್ತರಿಸಿ ತಂದುಕೊಟ್ಟಿದ್ದಳು. ತಂದೆ ಬೈಯಲಿಲ್ಲ. ಬಟ್ಟೆಯನ್ನು ಎತ್ತಿ ಆ ತೂತಿನಲ್ಲಿ ಮುಖವಿಟ್ಟು ಮಗಳನ್ನು ನೋಡಿದರು. “ಜೇಬು ಚೆನ್ನಾಗಿದೆ ಮಗಳೇ. ಇನ್ನು ಅದಕ್ಕೊಂದು ಅಂಗಿ ಎಲ್ಲಿಂದ ತರೋಣ?”

ಮೂವತ್ತಮೂರು ವರ್ಷ ಬಿಟ್ಟು ಅದೇ ತೂತನ್ನು ಎರಡನೆಯ ಸಲ ಕತ್ತರಿಸಿದ್ದಾಯಿತಲ್ಲ ಎಂದು ಡ್ರೈವರಮ್ಮನಿಗೆ ಕುರ್ಚಿಯಲ್ಲಿ ಕುಳಿತಲ್ಲೇ ನಗು ಬಂತು. ತಿದ್ದಬೇಕಾಗಿದ್ದುದು ಮೂರೇ ಸಾಲು. ದೊಡ್ಡ ಚಿತ್ರಗಳು ಕೆಳತುದಿಯಿಂದ, ಸಣ್ಣವು ಮೇಲಿನ ತುದಿಯಿಂದ. ಬಾಣವಾಗಲಿ ಗಡಿಯಾರವಾಗಲಿ ಆ ಎಂಬತ್ತೆಂಟರ ಚೂರಿನಲ್ಲೇ ಗೂಟ ಹೊಡೆದುಕೊಳ್ಳಲಿ. ಅನುಮಾನಪ್ಪ ಈ ಸಲ ಕೈಯಲ್ಲಿ ಮೌಸ್ ಹಿಡಿದು ಸಂಜೆಯವರೆಗೂ ಒತ್ತಿದ. ಹಳೆಯ ಡ್ರೈವರಿನಲ್ಲಿ ನಾಲ್ಕನೆಯ ಸಲಕ್ಕೇ ಕಪ್ಪಾಯಿತು. ಹೊಸದರಲ್ಲಿ ಅವನ ತೋರುಬೆರಳು ನೋಯುವವರೆಗೂ ಆಗಲಿಲ್ಲ.

“ನಿಮ್ಮ ಯಜಮಾನರ ಮೇಲಿದ್ದ ಅನುಮಾನ ವಾಪಸ್ ತಗೊಂಡಿದೀನಿ,” ಎಂದ. “ಈಗ ಯಾರ ಮೇಲೆ ಇಡ್ಲಿ?”

“ನನ್ನ ಮೇಲಿಡಿ. ಹನ್ನೊಂದು ವರ್ಷದಿಂದ ಇಡ್ಬೇಕಿತ್ತು.”

ಗುರುವಾರ ಬೆಳಿಗ್ಗೆ ಗಾಜಿನ ಗೂಡಿನ ಕಂಪ್ಯೂಟರಿಗೆ ಹೊಸ ಡ್ರೈವರ್ ಹಾಕಿ, ಅವರು ನೇರವಾಗಿ ಅಧಿಕಾರಿಯ ಕೋಣೆಗೆ ಹೋದರು. ಕೆಲಸ ಸರಿಹೋಗಿದೆ ಎಂದಷ್ಟೇ ಹೇಳಿದ್ದರೂ ನಡೆಯುತ್ತಿತ್ತು. ಆದರೆ ಆ ನಿಲ್ದಾಣದಲ್ಲಿ ಹದಿನೈದು ದಿನಗಳಿಂದ ಎಲ್ಲರೂ ಕಂಚಣ್ಣನ ಕೈಯನ್ನು ನೋಡಿ ನಗುತ್ತಿದ್ದರು. ಚಹಾ ಕೊಡುವವನೂ ಲೋಟವನ್ನು ಅವರ ಕೈಗೆ ಕೊಡದೆ ಮೇಜಿನ ಮೇಲಿಡತೊಡಗಿದ್ದ.

“ಸಾರ್, ಕೈಗುಣ ಅಂದ್ರಲ್ಲ, ಅದು ನಿಜ,” ಎಂದರು ಡ್ರೈವರಮ್ಮ. “ಆದ್ರೆ ಕೈ ಅವರದ್ದಲ್ಲ, ನಂದು. ಸಣ್ಣ ಚಿತ್ರಾನ ದೊಡ್ಡದರ ಜಾಗದಲ್ಲಿ ಕೂರಿಸಿದ್ದು ನಾನು. ಇದನ್ನ ಬರೆದು ಸಹಿ ಮಾಡಿ ಕೊಡ್ತೀನಿ.”

ತಪ್ಪನ್ನು ತಾನಾಗಿ ತಂದು ಮೇಜಿನ ಮೇಲಿಡುವವರನ್ನು ಅಧಿಕಾರಿಯ ಕಚೇರಿ ಹೆಚ್ಚಾಗಿ ಕಂಡಿರಲಿಲ್ಲ. “ಬರಹ ಎಲ್ಲ ಬೇಡ ಮೇಡಂ. ನಾಳೆ ಬೆಳಕಿದ್ರೆ ಸಾಕು,” ಎಂದರು ಅಧಿಕಾರಿ.

ಶುಕ್ರವಾರ ಹತ್ತೂವರೆಗೆ ಮುಖ್ಯ ಕಚೇರಿಯ ಮೂವರು ಬಂದು ಗಾಜಿನ ಗೂಡಿನಲ್ಲಿ ಇಕ್ಕಟ್ಟಾಗಿ ನಿಂತರು. ಡ್ರೈವರಮ್ಮ ಹೊರಗೆ ಆರನೆಯ ಪ್ಲಾಟ್‌ಫಾರಂನಲ್ಲಿ ಪ್ರಯಾಣಿಕರ ನಡುವೆ ನಿಂತಿದ್ದರು. ಗಾಜಿನಾಚೆ ಕಂಚಣ್ಣ ಮೌಸನ್ನು ಹಿಡಿದರು, ಸಾಬೂನಿನಂತೆಯೇ. ಒತ್ತಿದರು. ಆ ಎರಡು ಸೆಕೆಂಡಿನಲ್ಲಿ ಡ್ರೈವರಮ್ಮ ತಮ್ಮ ಚೀಲದ ಹಿಡಿಯನ್ನು ಎಷ್ಟು ಬಿಗಿಯಾಗಿ ತಿರುಚಿದರೆಂದರೆ ಅದರ ಒಂದು ಹೊಲಿಗೆ ಬಿಚ್ಚಿತು. ಪಟ್ಟಿ ಬದಲಾಯಿತು. ಮತ್ತೊಮ್ಮೆ, ಮಗುದೊಮ್ಮೆ. ಕೊನೆಗೆ ಅಧಿಕಾರಿ ತಾವೇ ಕುರ್ಚಿಯಲ್ಲಿ ಕುಳಿತು ಹುಮ್ಮಸ್ಸಿನಿಂದ ಇಪ್ಪತ್ತು ಸಲ ಒತ್ತಿದರು. ಎಂಟೂ ಪರದೆಗಳಲ್ಲಿ ಬಸ್ಸುಗಳು ಮೇಲೆ ಕೆಳಗೆ ಜಿಗಿದಾಡಿದವು.

“ಏನಮ್ಮಾ ಇದು, ಬಸ್ಸು ಹೊರಡುತ್ತೋ ಇಲ್ಲ ಕುಣಿಯುತ್ತೋ?” ಎಂದು ಪಕ್ಕದಲ್ಲಿದ್ದ ಮುದುಕರೊಬ್ಬರು ಕೇಳಿದರು.

“ಇನ್ನೇನು ನಿಲ್ಲುತ್ತೆ ತಾತ. ಸಾಹೇಬರು ಆಟ ಆಡ್ತಿದಾರೆ.”

ಗಾಜಿನ ಗೂಡಿನೊಳಗೆ ಕಂಚಣ್ಣ ತಮ್ಮ ಬಲಗೈಯನ್ನು ಎತ್ತಿ, ಎರಡೂ ಕಡೆ ತಿರುಗಿಸಿ, ಹೆಂಡತಿಗೆ ತೋರಿಸಿದರು. ಮಧ್ಯಾಹ್ನ ಚಹಾ ಲೋಟ ಅದೇ ಕೈಗೆ ಬಂತು.

ಸಂಜೆ ಮನೆಯ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದರು. ಕೊಡೆಗಳ ಕೋಣೆಯ ವಿಷಯ ಅವರಿಗೂ ತಿಳಿದಿತ್ತು. ಬೆಳಗಿನಿಂದ ಊಟವನ್ನೂ ಸರಿಯಾಗಿ ಮಾಡಿರಲಿಲ್ಲ.

“ಏನಾಯ್ತೋ?”

ಕಂಚಣ್ಣ ಕುರ್ಚಿ ಉಳಿಯಿತೆಂದು ಪಿಸುಗುಟ್ಟಿದರು. ಅತ್ತೆಗೆ ಕೇಳಿಸಲಿಲ್ಲ. ಗೋಡೆಗೆ ಒರಗಿದ್ದ ಸ್ಲೇಟನ್ನು ತೆಗೆದು, ಕೊಡೆಗಳ ಸಾಲನ್ನು ಒರೆಸಿ, ಈ ಸಲ ದುಂಡಗೆ ಬರೆದರು: ‘ಕುರ್ಚಿ ಉಳೀತು. ಎಲ್ಲ ನಿನ್ನ ಸೊಸೆಯ ಕೈಗುಣ.’

ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಸ್ಲೇಟನ್ನು ನೋಡಿದರು.

“ಅಡುಗೇಲಿ ಅದನ್ನ ಇಪ್ಪತ್ತೈದು ವರ್ಷದಿಂದ ಹುಡುಕ್ತಿದೀನಿ,” ಎಂದರು. “ಸದ್ಯ, ಬಸ್ ಸ್ಟಾಂಡಲ್ಲಾದ್ರೂ ಸಿಕ್ತಲ್ಲ. ಬಾರೇ, ಕಾಲು ತೊಳ್ಕೊಂಡು ಕೂತ್ಕೋ, ಇವತ್ತು ನಾನೇ ಬಡಿಸ್ತೀನಿ.”